ಮಡಿಲ ಸೊಪ್ಪಿಗೆ ಕೈ ಹಾಕಿದವರು

ಟೇಕಲ್
೧೭ ಜೂನ್ ೨೦೨೩

ಸುನಂದ ಅತ್ತಿಗೆಗೆ,

ನೀವೂ ಶಿವಣ್ಣನೂ ಪಾಪುವೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಫೋನು ಮಾಡದೆ ಮೇಲ್ ಬರೆಯುತ್ತಿದ್ದೇನೆಂದು ಬೇಜಾರು ಮಾಡಿಕೊಳ್ಳಬೇಡಿ. ಫೋನು ಮಾಡಿದರೆ ಅಣ್ಣ ಸ್ಪೀಕರಿಗೆ ಹಾಕುತ್ತಾನೆ. ಸಂಜೆಯೊಳಗೆ ನಾನಾಡಿದ ಮಾತು ಸುಗಟೂರಿನಲ್ಲಿ ಅಮ್ಮನ ಕಿವಿಗೆ ಬಿದ್ದಿರುತ್ತದೆ. ಇದು ನಮ್ಮಿಬ್ಬರ ನಡುವೆ ಇರಲಿ.

ಬ್ಲಾಗಿನ ವಿಷಯ. ನೀವು ಮದುವೆಯಾಗಿ ನಮ್ಮ ಮನೆಗೆ ಬಂದ ವರ್ಷ ಲಾಕ್‌ಡೌನ್ ಆಗಿ, ಹೊತ್ತು ಹೋಗದೆ ಇಬ್ಬರೂ ಸೇರಿ ‘ಅತ್ತಿಗೆ ನಾದಿನಿ’ ಶುರು ಮಾಡಿದೆವಲ್ಲ. ರಂಗೋಲಿ, ಧಾರಾವಾಹಿ, ನಿಮ್ಮ ಕವಿತೆ, ನಾನು ಅಂತರಗಂಗೆಗೆ ಹೋಗಿ ಬಂದ ಕಥೆ, ಎಲ್ಲ ಅದರಲ್ಲೇ. ಓದುತ್ತಿದ್ದವರು ನಮ್ಮ ನೆಂಟರು, ಅವರೂ ನಾವು ಕೇಳಿಕೊಂಡರೆ ಮಾತ್ರ. ನಾನು ಟೇಕಲ್ಲಿಗೆ ಬಂದ ಮೇಲೆ ನಮ್ಮತ್ತೆ ಗಂಗರತ್ನಮ್ಮನವರು ರಾಗಿ ಹೊಲದ ಬದುವಿನಲ್ಲಿ ಮಡಿಲು ತುಂಬ ಸೊಪ್ಪು ಕಿತ್ತು ತರುವುದನ್ನು ಒಮ್ಮೆ ಬರೆದೆ. ಓದಿದವರು ಇನ್ನೊಂದು ಸೊಪ್ಪಿನ ಬಗ್ಗೆ ಬರೆಯಿರಿ ಎಂದರು. ಆವತ್ತೇ ತೀರ್ಮಾನ ಮಾಡಿದೆ: ಇನ್ನು ಸೊಪ್ಪು ಬಿಟ್ಟು ಬೇರೇನೂ ಬೇಡ. ವಾರಕ್ಕೊಂದು ಸೊಪ್ಪು, ಒಂದು ಫೋಟೋ, ಮಾಡುವ ಬಗೆ. ಹಳೆಯದನ್ನೆಲ್ಲ ತೆಗೆದು, ‘ಮಡಿಲ ಸೊಪ್ಪು’ ಎಂದು ಹೆಸರು ಬದಲಿಸಿದೆ. ಈಗ ಎಲ್ಲೆಲ್ಲಿಯವರೋ ಓದುತ್ತಿದ್ದಾರೆ ಅತ್ತಿಗೆ. ಬೀದರಿನಿಂದ ಒಬ್ಬರು ಅಣ್ಣೆಸೊಪ್ಪಿನ ಫೋಟೋ ಕಳಿಸಿ, ಇದೇ ಹೌದಾ ಎಂದು ಕೇಳಿದ್ದರು.

ಆದರೆ ಒಂದು ವಿಚಿತ್ರ ನಡೆಯುತ್ತಿದೆ. ಗುರುವಾರ ಸಂಜೆ ನಾನು ಹಾಕಿದ ಬರಹ ಶುಕ್ರವಾರ ಬೆಳಿಗ್ಗೆ ನೋಡಿದರೆ ಚಿಕ್ಕದಾಗಿರುತ್ತದೆ. ಗಣಿಕೆ ಸೊಪ್ಪಿನ ಬಗ್ಗೆ ಬರೆದಾಗ ಅಜ್ಜಿಯ ನೆನಪು, ಬೆಳದಿಂಗಳು ಎಂದು ಎರಡು ಪ್ಯಾರಾ ಚೆನ್ನಾಗಿ ಬಂದಿತ್ತು. ಅಷ್ಟೂ ಮಾಯ. ಪಾಸ್‌ವರ್ಡ್ ಗೊತ್ತಿರುವುದು ನನಗೆ, ನಿಮಗೆ, ಮತ್ತು ಹೆಸರು ಬದಲಿಸಿಕೊಟ್ಟ ನನ್ನ ಮೈದುನ ಚಂದ್ರುಗೆ.

ನೀವು ಮಾಡಿದಿರಿ ಎನ್ನುತ್ತಿಲ್ಲ. ಕೇಳುತ್ತಿದ್ದೇನೆ, ಅಷ್ಟೆ.

ನಿಮ್ಮ
ಮೇಘನ


ಮುಳಬಾಗಿಲು
೨೧ ಜೂನ್ ೨೦೨೩

ಮೇಘನ,

ನಾವೆಲ್ಲ ಚೆನ್ನಾಗಿದ್ದೇವೆ. ಪಾಪುವಿಗೆ ನೆಗಡಿ ಬಿಟ್ಟಿದೆ.

‘ಕೇಳುತ್ತಿದ್ದೇನೆ, ಅಷ್ಟೆ’ ಎಂದು ಬರೆದಿದ್ದೀಯ. ಪೊಲೀಸರೂ ಹೀಗೆಯೇ ಕೇಳುತ್ತಾರೆ.

‘ಹಳೆಯದನ್ನೆಲ್ಲ ತೆಗೆದು’ ಎಂದು ಒಂದೇ ಮಾತಿನಲ್ಲಿ ಮುಗಿಸಿದೆ. ಅದರಲ್ಲಿ ನನ್ನ ಕವಿತೆಗಳಿದ್ದವು. ಅವು ಹೋದದ್ದು ನನಗೆ ತಿಳಿದ ಬಗೆ ಹೇಳುತ್ತೇನೆ ಕೇಳು. ನಮ್ಮ ಶಾಲೆಯಲ್ಲಿ ವಾಣಿಶ್ರೀ ಎಂಬ ಹೊಸ ಟೀಚರ್ ಬಂದಿದ್ದಾರೆ. ನಾನೂ ಬರೆಯುತ್ತೇನೆ ಎಂದು ಸ್ಟಾಫ್ ರೂಮಿನಲ್ಲಿ ಅವರ ಮುಂದೆ ಫೋನು ತೆರೆದೆ. ಬಂದದ್ದು ಹೊನಗನ್ನೆ ಸೊಪ್ಪಿನ ಫೋಟೋ. ‘ಪದ್ಯ ಎಲ್ಲಿ ಮೇಡಂ?’ ಅಂದರು. ನೆಟ್‌ವರ್ಕ್ ಇಲ್ಲ ಎಂದೆ.

ನೀನು ನನ್ನನ್ನು ಒಂದು ಮಾತು ಕೇಳಬಹುದಿತ್ತು. ಬೇಡ ಎನ್ನುತ್ತಿರಲಿಲ್ಲ.

ಓದುವವರು ಹೆಚ್ಚುತ್ತಿದ್ದಾರೆ ಎನ್ನುತ್ತೀಯ. ಹಾಗಿದ್ದರೆ ಯಾರೋ ನಾಲ್ಕು ಸಾಲು ಕತ್ತರಿಸಿದ್ದರಿಂದ ನಿನಗೆ ಆದ ನಷ್ಟವೇನು?

ಸುನಂದ


ಟೇಕಲ್
೮ ಜುಲೈ ೨೦೨೩

ಅತ್ತಿಗೆ,

ನಿಮ್ಮ ಕವಿತೆಗಳೆಲ್ಲ ಲ್ಯಾಪ್‌ಟಾಪಿನಲ್ಲಿ ಭದ್ರವಾಗಿವೆ. ಕಳಿಸಿಕೊಡುತ್ತೇನೆ. ಸೊಪ್ಪಿನ ನಡುವೆ ಕವಿತೆ ಇದ್ದರೆ ಬಂದವರು ದಾರಿ ತಪ್ಪುತ್ತಾರೆ ಎಂದು ತೆಗೆದೆನೇ ಹೊರತು ಬೇರೆ ಉದ್ದೇಶವಿರಲಿಲ್ಲ.

‘ಕತ್ತರಿಸಿದ್ದರಿಂದ ನಷ್ಟವೇನು’ ಎಂಬ ನಿಮ್ಮ ಮಾತನ್ನು ಮತ್ತೆ ಮತ್ತೆ ಓದಿದೆ. ಕತ್ತರಿಸದವರು ಹಾಗೆ ಬರೆಯುತ್ತಾರಾ ಎಂದು ಒಮ್ಮೆ ಅನಿಸಿತು. ಕತ್ತರಿಸಿದವರಂತೂ ಹಾಗೆ ಬರೆಯುವಷ್ಟು ದಡ್ಡರಾಗಿರುವುದಿಲ್ಲ ಎಂದೂ ಅನಿಸಿತು. ನೀವು ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ.

ನಷ್ಟ ಇದೆ ಅತ್ತಿಗೆ. ನನ್ನ ಮನೆಯ ಬಾಗಿಲನ್ನು ಯಾರೋ ವಾರವಾರ ತೆಗೆದು, ಪಾತ್ರೆಗಳನ್ನು ಜೋಡಿಸಿಟ್ಟು ಹೋದ ಹಾಗಿದೆ. ಕದ್ದಿಲ್ಲ, ನಿಜ. ಆದರೂ ಒಳಗೆ ಬಂದಿದ್ದಾರಲ್ಲ!

ಈಚೆಗೆ ಚಂದ್ರು ಮೇಲೆ ಕಣ್ಣಿಟ್ಟಿದ್ದೇನೆ. ಬೆಳಗಿನ ಹಾಲು ಡೈರಿಗೆ ಹಾಕಿ ಬಂದವನೇ ಲ್ಯಾಪ್‌ಟಾಪ್ ಮುಂದೆ ಕೂರುತ್ತಾನೆ. ನಾನು ಹೋದರೆ ಮುಚ್ಚುತ್ತಾನೆ.

‘ಏನೋ ಅದು ಚಂದ್ರು, ನನ್ನ ಕಂಡ ತಕ್ಷಣ ಮುಚ್ತೀಯ?’

‘ಏನಿಲ್ಲ ವದಿನಾ, ಏನೋ ನೋಡ್ತಿದ್ದೆ.’ ಈ ಮನೆಯಲ್ಲಿ ತೆಲುಗು ಬೆರೆತಿದೆ. ಅವನು ಅತ್ತಿಗೆ ಎನ್ನದೆ ವದಿನ ಎನ್ನುತ್ತಾನೆ.

ಇನ್ನೊಂದು ವಿಷಯ. ಪತ್ರಿಕೆಯವರೊಬ್ಬರು ನನ್ನನ್ನು ಮಾತಾಡಿಸಲು ಬರುತ್ತೇವೆ ಎಂದಿದ್ದಾರೆ. ಬರಹ ಸರಳವಾಗಿದೆ, ಒಂದು ಪದವೂ ಹೆಚ್ಚಿಲ್ಲ ಎಂದು ಹೊಗಳಿದರು. ನಾನು ನಕ್ಕೆ.

ಮೇಘನ


ಮುಳಬಾಗಿಲು
೧೦ ಜುಲೈ ೨೦೨೩

ಮೇಘನ,

ಯಾವ ಪತ್ರಿಕೆ? ಏನೇನು ಕೇಳುತ್ತಾರಂತೆ? ಬ್ಲಾಗು ಹೇಗೆ ಶುರುವಾಯಿತು ಎಂದು ಕೇಳೇ ಕೇಳುತ್ತಾರೆ. ಯೋಚನೆ ಮಾಡಿ ಹೇಳು.

ಚಂದ್ರುಗೆ ಸೊಪ್ಪಿನ ಗೊಡವೆ ಯಾಕೆ? ಮುದ್ದೆ ಮುಂದಿಟ್ಟರೆ ಯಾವ ಸಾರು ಎಂದು ಕೇಳದೆ ಉಣ್ಣುವ ಹುಡುಗ ಅವನು. ನಿನ್ನ ಮದುವೆಯಲ್ಲಿ ನೋಡಿದ್ದೇನೆ.

ಒಂದು ವಾರ ನೀನೇ ಚಿಕ್ಕದಾಗಿ ಬರೆದು ನೋಡು. ಏನು ಸೊಪ್ಪು, ಎಲ್ಲಿ ಸಿಗುತ್ತದೆ, ಏನು ಹುಷಾರು ನೋಡಬೇಕು, ಹೇಗೆ ಮಾಡಬೇಕು. ಆಗ ಯಾರಿಗೂ ಕತ್ತರಿಸಲು ಏನೂ ಸಿಗುವುದಿಲ್ಲ.

ಕವಿತೆಗಳು ಇನ್ನೂ ಬಂದಿಲ್ಲ.

ಸುನಂದ


ಟೇಕಲ್
೫ ಆಗಸ್ಟ್ ೨೦೨೩

ಪ್ರೀತಿಯ ಅತ್ತಿಗೆಗೆ,

ಮೊದಲು ನಿಮ್ಮ ಕ್ಷಮೆ ಕೇಳುತ್ತೇನೆ. ನಿಮ್ಮನ್ನು ಪರೀಕ್ಷೆ ಮಾಡಿದೆ. ನೀವು ಗೆದ್ದಿರಿ.

ಹೋದ ವಾರದ ಉಪ್ಸಾರಿನ ಬರಹದಲ್ಲಿ ಬೇಕೆಂದೇ ನಿಮ್ಮ ಬಗ್ಗೆ ಒಂದು ಸಾಲು ಸೇರಿಸಿದೆ. ‘ನಮ್ಮತ್ತಿಗೆ ಮೊದಲ ಸಲ ಮಾಡಿದ ಉಪ್ಸಾರು ಉಪ್ಪೇ ಉಪ್ಪು, ನಮ್ಮಪ್ಪ ಮಾತಾಡದೆ ಉಂಡು, ಚೊಂಬು ನೀರು ಕುಡಿದು ಎದ್ದರು.’ ಕತ್ತರಿ ನಿಮ್ಮ ಕೈಯಲ್ಲಿದ್ದರೆ ಆ ಸಾಲು ಬೆಳಿಗ್ಗೆ ಇರುವುದಿಲ್ಲ ಎಂದುಕೊಂಡೆ. ಬೆಳಿಗ್ಗೆ ಎದ್ದು ನೋಡಿದರೆ ಅದು ಹಾಗೇ ಇದೆ. ಹೋಗಿದ್ದು ನನ್ನ ಕೈರುಚಿಯನ್ನು ನಾನೇ ಹೊಗಳಿಕೊಂಡಿದ್ದ ಪ್ಯಾರಾ.

ತನ್ನನ್ನು ಆಡಿಕೊಂಡದ್ದನ್ನು ಯಾವ ಹೆಂಗಸೂ ಲೋಕದ ಮುಂದೆ ಹಾಗೇ ಬಿಡುವುದಿಲ್ಲ. ಆದ್ದರಿಂದ ಅದು ನೀವಲ್ಲ. ನಾನಂತೂ ಅಲ್ಲ. ಉಳಿದವನು ಚಂದ್ರು.

ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಕೇಳಿಯೇಬಿಟ್ಟೆ. ಅವನು ತುತ್ತು ಕೆಳಗಿಟ್ಟ.

‘ನಾ ಮುಟ್ಟಿಲ್ಲ ವದಿನಾ. ನಿಮ್ಮ ಸೊಪ್ಪು ಕಟ್ಕೊಂಡು ನಂಗೇನಾಗ್ಬೇಕು?’

‘ಮತ್ತೆ ದಿನಾ ಬೆಳಿಗ್ಗೆ ಏನ್ ಮಾಡ್ತೀಯ ಅಲ್ಲಿ?’

ಅವನು ಅಣ್ಣನ ಮುಖ ನೋಡಿದ. ಮಾಲೂರಿನ ಫ್ಯಾಕ್ಟರಿಗಳಿಗೆ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೆ, ಸಿಕ್ಕ ಮೇಲೆ ಹೇಳೋಣ ಅಂತಿದ್ದೆ ಎಂದ. ನಮ್ಮವರಿಗೆ ಸಿಟ್ಟು ಬಂತು. ‘ಕದ್ದು ಮುಚ್ಚಿ ಮಾಡೋ ಅಂಥಾದ್ದು ಈ ಮನೇಲಿ ಏನೈತೋ? ಇದನ್ನ ಮುಚ್ಚಿಟ್ಟೋನು ಅದನ್ನ ಮಾಡಿರಲ್ಲ ಅಂತ ಹೆಂಗೆ ನಂಬೋದು?’ ಎಂದು ಕೂಗಾಡಿದರು. ಚಂದ್ರು ಕೈ ತೊಳೆದು, ಬಟ್ಟೆ ಚೀಲಕ್ಕೆ ತುರುಕಿಕೊಂಡು ಮಾಲೂರಿನ ಗೆಳೆಯನ ರೂಮಿಗೆ ಹೊರಟುಹೋದ. ನಾನು ತಡೆಯಲಿಲ್ಲ. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಸೊಪ್ಪು ಕಿತ್ತು ತಂದು ಜಗಲಿ ಮೇಲೆ ಸುರಿದು, ಹೆಸರು ಹೇಳದೆ ಒಳಗೆ ಹೋಗುತ್ತಾರೆ.

ಪಾಸ್‌ವರ್ಡ್ ಬದಲಿಸಿದೆ. ತಪ್ಪು ತಿಳಿಯಬೇಡಿ, ಸದ್ಯಕ್ಕೆ ಯಾರಿಗೂ ಹೇಳುತ್ತಿಲ್ಲ.

ಮೇಘನ


ಮುಳಬಾಗಿಲು
೭ ಆಗಸ್ಟ್ ೨೦೨೩

ಮೇಘನ,

ಪತ್ರಿಕೆ ಬಂತು. ವಾಣಿಶ್ರೀಯವರೇ ತಂದು ತೋರಿಸಿದರು. ನಿನ್ನ ಫೋಟೋ ಚೆನ್ನಾಗಿದೆ. ‘ಒಬ್ಬಳೇ ಕೂತು ಶುರು ಮಾಡಿದೆ’ ಎಂದು ಹೇಳಿದ್ದೀಯ.

ಚಂದ್ರು ಅಲ್ಲ ಅನಿಸುತ್ತದೆ. ಅವನನ್ನು ಮನೆಗೆ ಕರೆಸು.

ಸುನಂದ


ಟೇಕಲ್
೨೬ ಆಗಸ್ಟ್ ೨೦೨೩

ಅತ್ತಿಗೆ,

‘ಒಬ್ಬಳೇ’ ಎಂದು ನಾನು ಹೇಳಲಿಲ್ಲ. ಅವರು ‘ಒಬ್ಬರೇ ಮಾಡಿದ್ರಾ?’ ಎಂದು ಕೇಳಿದರು. ನಾನು ಅಲ್ಲವೆನ್ನಲಿಲ್ಲ. ಅಷ್ಟಕ್ಕೆ ನೀವು ಎರಡು ಸಾಲಿನ ಕಾಗದ ಬರೆಯುವುದು ಸರಿಯಲ್ಲ.

‘ಅಲ್ಲ ಅನಿಸುತ್ತದೆ’ ಎಂದರೇನು? ಯಾಕೆ ಅನಿಸುತ್ತದೆ? ಪಾಸ್‌ವರ್ಡ್ ಬದಲಾಯಿತು, ಕತ್ತರಿ ನಿಂತಿತು. ಇನ್ನೇನು ಸಾಕ್ಷಿ ಬೇಕು? ಈಗ ನಾನು ಬರೆದದ್ದು ಬರೆದ ಹಾಗೇ ಉಳಿಯುತ್ತಿದೆ. ಮನಸ್ಸು ಬಿಚ್ಚಿ ಬರೆಯುತ್ತಿದ್ದೇನೆ. ‘ಈಚೆಗೆ ಉದ್ದವಾಯಿತು’ ಎಂದು ಒಬ್ಬಿಬ್ಬರು ಗೊಣಗಿದ್ದಾರೆ. ಗೊಣಗಲಿ.

ಮೇಘನ


ಟೇಕಲ್
೨೧ ಅಕ್ಟೋಬರ್ ೨೦೨೩

ಅತ್ತಿಗೆ,

ನಾನು ಬರೆಯಲಿಲ್ಲ, ನೀವೂ ಬರೆಯಲಿಲ್ಲ. ಈಗ ಬರೆಯದೆ ವಿಧಿಯಿಲ್ಲ.

ಮಂಗಳವಾರ ಶ್ರೀನಿವಾಸಪುರದ ಕಡೆಯಿಂದ ಮುನಿಲಕ್ಷ್ಮಿ ಎಂಬ ಹೆಂಗಸು ಫೋನು ಮಾಡಿದಳು. ಅಳುತ್ತಿದ್ದಳು. ಅವಳು ನಮ್ಮ ‘ಮಡಿಲ ಸೊಪ್ಪು’ ತಪ್ಪದೆ ಓದುವವಳು. ಹೋದ ವಾರ ನಾನು ಬರೆದ ಕೆಸುವಿನ ಸೊಪ್ಪಿನ ಸಾರನ್ನು ಮಾಡಿದ್ದಾಳೆ. ಅವಳ ತಂದೆ ನರಸಿಂಹಪ್ಪ ಮೊದಲು ಉಂಡಿದ್ದಾರೆ. ಉಣ್ಣುತ್ತಿದ್ದ ಹಾಗೇ ನಾಲಿಗೆ, ಗಂಟಲು ಊದಿಕೊಂಡು ಉಸಿರಿಗೆ ಕಷ್ಟವಾಗಿ ಆಸ್ಪತ್ರೆಗೆ ಸೇರಿಸಿದ್ದಾರೆ.

ನಮ್ಮವರ ಜೊತೆ ಬೈಕಿನಲ್ಲಿ ಹೋದೆ. ದಾರಿಯುದ್ದಕ್ಕೂ ನನಗೊಂದೇ ಯೋಚನೆ: ಇದನ್ನೂ ಯಾರೋ ನನ್ನ ಬರಹದೊಳಗೆ ಕೈಯಾಡಿಸಿ ಮಾಡಿದ್ದಾರೆ. ಚಂದ್ರು ಹೊಸ ಪಾಸ್‌ವರ್ಡ್ ಹೇಗೋ ಕದ್ದಿರಬೇಕು. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಫೋನು ತೆರೆದು ನೋಡಿದೆ. ಯಾರೂ ಏನೂ ಮುಟ್ಟಿರಲಿಲ್ಲ. ಎಲ್ಲ ನಾನು ಬರೆದ ಹಾಗೇ ಇತ್ತು. ಮೇಲೆ ನನ್ನ ಬಾಲ್ಯ, ಆಮೇಲೆ ಮಳೆ, ಆಮೇಲೆ ಮಾಡುವ ಬಗೆ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಬೇಕು, ಕೆರೆಯಂಚಿನ ಕಾಡುಕೆಸುವನ್ನು ಮುಟ್ಟಲೇಬಾರದು ಎಂಬುದು ಎಲ್ಲದಕ್ಕಿಂತ ಕೆಳಗೆ. ಫೋಟೋ ಮಾತ್ರ ಕೆರೆಯಂಚಿನದು. ಎಲೆಯ ಮೇಲೆ ನೀರ ಹನಿ ಚೆಂದ ಕಾಣುತ್ತಿತ್ತೆಂದು ಅಲ್ಲಿ ತೆಗೆದಿದ್ದೆ. ಅವಳು ಆ ಫೋಟೋ ನೋಡಿ, ಅಂಥದ್ದನ್ನೇ ಹುಡುಕಿ ಕಿತ್ತು ತಂದಿದ್ದಾಳೆ.

ಮುನಿಲಕ್ಷ್ಮಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ನಿಮ್ಮನ್ನ ನಂಬಿ ಮಾಡ್ದೆ ಕಣಕ್ಕಾ. ಮುಂಚೆ ಏನು ಮಾಡ್ಬಾರ್ದು ಅಂತ ಮೊದಲ್ನೇ ಸಾಲಲ್ಲೇ ಇರ್ತಿತ್ತು. ಈ ಸಲ ಇರ್ಲಿಲ್ಲ. ಏನೂ ಭಯ ಇಲ್ದಿರೋ ಸೊಪ್ಪು ಅಂದ್ಕೊಂಡೆ.’

ನರಸಿಂಹಪ್ಪನವರಿಗೆ ಈಗ ಅಪಾಯವಿಲ್ಲ. ಮನೆಗೆ ಬಂದಿದ್ದಾರೆ. ದನಿ ಇನ್ನೂ ಒಡೆದಿದೆ. ಫೋನು ಮಾಡಿ ಅವರ ಕ್ಷಮೆ ಕೇಳಿದೆ.

ವಾಪಸ್ಸು ಬಂದು ಬ್ಲಾಗಿನೊಳಗೆ ಉಳಿದಿದ್ದ ಹಳೆಯ ಕರಡುಗಳನ್ನು ಒಂದೊಂದಾಗಿ ತೆರೆದೆ. ನಾನು ಬರೆದದ್ದು ಒಂದು ಕಡೆ, ಕತ್ತರಿಸಿದ ಮೇಲೆ ಉಳಿದದ್ದು ಇನ್ನೊಂದು ಕಡೆ. ಬರೀ ಕತ್ತರಿಸಿರಲಿಲ್ಲ ಅತ್ತಿಗೆ. ಗಣಿಕೆಯ ಹಸಿರು ಕಾಯಿ ಬಿಡಿಸಿ ಬಿಸಾಡಿ ಎಂದು ನಾನು ನಡುವೆಲ್ಲೋ ಹೇಳಿದ್ದು ಮೊದಲ ಸಾಲಿಗೆ ಬಂದಿತ್ತು. ಎಲ್ಲ ಬರಹದಲ್ಲೂ ಹಾಗೇ. ಸುಗಟೂರಿನ ಅಡುಗೆಮನೆಯಲ್ಲಿ ನೀವು ನನಗೆ ಕಲಿಸುವಾಗ ಹೇಳುತ್ತಿದ್ದಿರಿ: ‘ಮೊದ್ಲು ಭಯ ಹೇಳ್ಬಿಡ್ತೀನಿ ಕಣೇ, ಆಮೇಲೆ ರುಚಿ.’ ಹಾಗೆ ಹೇಳಿಕೊಡುವವರು ನನಗೆ ಗೊತ್ತಿರುವವರಲ್ಲಿ ಒಬ್ಬರೇ.

ಈ ಸಲ ಕೇಳುತ್ತಿಲ್ಲ. ನೀವೇ.

ನಿಮ್ಮಿಂದಲೇ ಇಷ್ಟು ಜನ ಓದಿದರು, ಒಪ್ಪುತ್ತೇನೆ. ಆದರೆ ಚಂದ್ರು ಚೀಲ ಹಿಡಿದು ಹೋದ ಎಂದು ನಾನು ಬರೆದಾಗ ನಿಮಗೆ ಗೊತ್ತಿತ್ತು. ‘ಅನಿಸುತ್ತದೆ’ ಎಂದು ಬರೆದಿರಲ್ಲ, ಅದು ಹೇಗೆ ಬರೆದಿರಿ?

ಮೇಘನ


ಮುಳಬಾಗಿಲು
೨೩ ಅಕ್ಟೋಬರ್ ೨೦೨೩

ಮೇಘನ,

ಹೌದು, ನಾನೇ.

ಶುಕ್ರವಾರ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ನಿನ್ನ ಬರಹ ಓದುವುದು ನನಗೆ ಅಭ್ಯಾಸವಾಗಿತ್ತು. ನನ್ನ ಕವಿತೆ ತೆಗೆದವಳ ಮೇಲೆ ಸಿಟ್ಟಿತ್ತು, ಆದರೂ ಓದುತ್ತಿದ್ದೆ. ಗಣಿಕೆ ಸೊಪ್ಪಿನ ದಿನ ಆ ಹಸಿರು ಕಾಯಿಯ ಮಾತು ಎಲ್ಲೋ ಹುದುಗಿಹೋಗಿದ್ದು ಕಂಡು ಹೆದರಿಕೆಯಾಯಿತು. ಹಳೆಯ ಪಾಸ್‌ವರ್ಡ್ ಹಾಕಿದೆ, ಬಾಗಿಲು ತೆರೆಯಿತು. ಆ ಸಾಲನ್ನು ಮೇಲೆ ತಂದೆ. ತಂದ ಮೇಲೆ ಕೈ ಸುಮ್ಮನಿರಲಿಲ್ಲ. ಬೆಳದಿಂಗಳು ಯಾಕೆ ಅನಿಸಿತು. ಮುಂದಿನ ವಾರವೂ ಹಾಗೇ ಆಯಿತು. ನಿನಗೆ ಹೇಳೋಣವೆಂದುಕೊಳ್ಳುವಷ್ಟರಲ್ಲಿ ನಿನ್ನ ಕಾಗದ ಬಂತು, ಕಳ್ಳರನ್ನು ಹುಡುಕುವ ದನಿಯಲ್ಲಿ. ನಾನು ಬಾಯಿ ಮುಚ್ಚಿಕೊಂಡೆ.

ಉಪ್ಪಿನ ಸಾಲನ್ನು ಯಾಕೆ ಬಿಟ್ಟೆ ಎಂದು ನೀನು ಯೋಚಿಸಿರಬಹುದು. ಉಪ್ಪು ನಿಜವಾಗಿಯೂ ಹೆಚ್ಚಾಗಿತ್ತು. ಓದಿ ನಾನೇ ನಕ್ಕೆ. ಇಡೀ ಬರಹದಲ್ಲಿ ಚೆನ್ನಾಗಿದ್ದ ಸಾಲು ಅದೊಂದೇ.

ಚಂದ್ರು ವಿಷಯ. ನಾನೇ ಮಾಡಿದ್ದು ಎಂದು ನಿನಗೆ ಉದ್ದ ಕಾಗದ ಬರೆದಿದ್ದೆ. ಕಳಿಸುವ ಮೊದಲು ವಾಣಿಶ್ರೀ ಪತ್ರಿಕೆ ತಂದರು. ‘ಒಬ್ಬಳೇ’ ಎಂಬುದನ್ನು ಓದಿ ಬರೆದದ್ದನ್ನೆಲ್ಲ ಅಳಿಸಿದೆ. ಒಬ್ಬಳೇ ಮಾಡಿದವಳು ಒಬ್ಬಳೇ ಅನುಭವಿಸಲಿ ಅನಿಸಿತು. ಅನುಭವಿಸಿದವನು ಅವನು. ನೀನು ಅನುಮಾನದಲ್ಲಿ ಕಣ್ಣು ಮುಚ್ಚಿಕೊಂಡಿದ್ದೆ. ನಾನು ಕಣ್ಣು ಬಿಟ್ಟುಕೊಂಡೇ ಸುಮ್ಮನಿದ್ದೆ. ಯಾವುದು ದೊಡ್ಡದೆಂದು ನನಗೆ ಗೊತ್ತು.

ಈಗ ಮೊದಲ ಕೆಲಸ, ಓದುವವರಿಗೆ ಹೇಳಬೇಕು. ಕೆಸುವಿನ ಬರಹ ಇನ್ನೂ ಹಾಗೇ ಇದೆ, ಈಗಷ್ಟೇ ನೋಡಿದೆ. ಇವತ್ತೇ ತೆಗೆ. ಅದರ ಜಾಗದಲ್ಲಿ ಏನು ಹಾಕುತ್ತೀಯೋ ಬರೆದು ಕಳಿಸು.

ಸುನಂದ


ಟೇಕಲ್
೨೪ ಅಕ್ಟೋಬರ್ ೨೦೨೩

ಅತ್ತಿಗೆ,

ತೆಗೆದೆ. ಹಾಕಬೇಕೆಂದು ಬರೆದದ್ದು ಇದು:

‘ಆತ್ಮೀಯ ಓದುಗರೇ, ಇತ್ತೀಚೆಗೆ ಪ್ರಕಟವಾದ ಕೆಸುವಿನ ಸೊಪ್ಪಿನ ಲೇಖನದ ಕೊನೆಯಲ್ಲಿ ಎಚ್ಚರಿಕೆಯನ್ನು ಸ್ಪಷ್ಟವಾಗಿ ನೀಡಲಾಗಿತ್ತಾದರೂ, ಕೆಲವರು ಅದನ್ನು ಪೂರ್ತಿ ಓದದೆ ಇದ್ದ ಕಾರಣ ಅನಾನುಕೂಲವಾಗಿರುವುದು ನಮ್ಮ ಗಮನಕ್ಕೆ ಬಂದಿದೆ. ಹಲವು ವರ್ಷಗಳಿಂದ ನಿಮ್ಮ ಪ್ರೀತಿ ವಿಶ್ವಾಸಗಳಿಂದ ಬೆಳೆದ ಈ ಬ್ಲಾಗು ಮುಂದೆಯೂ ಗುಣಮಟ್ಟವನ್ನು ಕಾಯ್ದುಕೊಳ್ಳಲು ಬದ್ಧವಾಗಿದ್ದು...’

ಇನ್ನೂ ಇದೆ. ಓದಿದರೆ ನನಗೇ ಹೇಸಿಗೆಯಾಗುತ್ತಿದೆ. ಆದರೂ ಕೈ ಇದನ್ನೇ ಬರೆಯುತ್ತದೆ. ನೀವು ನೋಡಿ.

ಮೇಘನ


ಮುಳಬಾಗಿಲು
೨೪ ಅಕ್ಟೋಬರ್ ೨೦೨೩, ಸಂಜೆ

ಮೇಘನ,

ಇಷ್ಟು ಸಾಕು:

‘ಕೆರೆಯಂಚಿನ ಕಾಡುಕೆಸುವನ್ನು ತಿನ್ನಬೇಡಿ. ಗಂಟಲು ಊದಿ ಉಸಿರು ಕಟ್ಟುತ್ತದೆ. ಈಚೆಗೆ ನಾನು ಅದರ ಫೋಟೋ ಹಾಕಿದ್ದು ತಪ್ಪು. ಅದನ್ನು ನಂಬಿ ಒಬ್ಬರು ಆಸ್ಪತ್ರೆಗೆ ಸೇರಬೇಕಾಯಿತು. ಈಗ ಮನೆಗೆ ಬಂದಿದ್ದಾರೆ. ಅವರ ಕ್ಷಮೆ ಕೇಳಿದ್ದೇನೆ, ನಿಮ್ಮದನ್ನೂ ಕೇಳುತ್ತೇನೆ. ಮೇಘನ.’

ಚಂದ್ರುಗೆ ನೀನೇ ಹೋಗಿ ಹೇಳು. ನನ್ನ ಹೆಸರನ್ನೂ ಹೇಳು, ಮುಚ್ಚಬೇಡ. ಅಲ್ಲಿ ಏನೇನು ಹೇಳಬೇಕೋ ಪೂರ್ತಿ ಹೇಳು. ಅದನ್ನು ನಾನು ಚಿಕ್ಕದು ಮಾಡಿಕೊಡುವುದಿಲ್ಲ.

ಸುನಂದ


ಟೇಕಲ್
೬ ನವೆಂಬರ್ ೨೦೨೩

ಪ್ರೀತಿಯ ಅತ್ತಿಗೆಗೆ,

ನೀವು ಕೊಟ್ಟದ್ದನ್ನು ಹಾಗೇ ಹಾಕಿದೆ. ಕೆಲವರು ಬೈದರು. ಕೆಲವರು ಬಿಟ್ಟುಹೋದರು. ಮುನಿಲಕ್ಷ್ಮಿ ಕೆಳಗೆ ಬರೆದಿದ್ದಾಳೆ: ‘ನಾವು ಓದ್ತೀವಿ ಅಕ್ಕ.’

ಮಾಲೂರಿಗೆ ಹೋಗಿದ್ದೆ. ಚಂದ್ರು ಪಾಳಿ ಮುಗಿಸಿ ಆಗಷ್ಟೇ ಬಂದಿದ್ದ. ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕೂರಲು ಚಾಪೆ ಹಾಕಿದ. ಮೊದಲಿನಿಂದ ಕೊನೆಯ ತನಕ ಹೇಳಿದೆ. ನಿಮ್ಮ ಹೆಸರು ಹೇಳಿದಾಗ ಒಮ್ಮೆ ತಲೆಯೆತ್ತಿದ.

‘ಇದನ್ನ ಅಣ್ಣನ ಮುಂದೆ ಹೇಳಿದ್ರಾ?’

‘ಇನ್ನೂ ಇಲ್ಲ.’

‘ಅಲ್ಲೇ ಹೇಳಿ ವದಿನಾ. ಅವತ್ತು ಅಲ್ಲೇ ತಾನೇ ನನ್ನ ಕೇಳಿದ್ದು?’

ನಿನ್ನೆ ಭಾನುವಾರ ಬಂದ. ಎಲ್ಲರೂ ಊಟಕ್ಕೆ ಕೂತಾಗ ಹೇಳಿದೆ. ನಮ್ಮವರು ತಟ್ಟೆ ನೋಡುತ್ತಾ ‘ಕೆಲ್ಸ ಹೆಂಗೈತೋ?’ ಎಂದು ಕೇಳಿದರು. ‘ಪರವಾಗಿಲ್ಲ’ ಎಂದ. ಅತ್ತೆ ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು, ಈ ಸಾರು ಕೀರೆಸೊಪ್ಪಿಂದು ಎಂದರು. ನನಗೆ ಕೇಳಲೆಂದೇ ಹೇಳಿದ ಹಾಗಿತ್ತು.

ಬ್ಲಾಗಿನಲ್ಲಿ ನಿಮ್ಮ ಹೆಸರನ್ನು ನನ್ನ ಹೆಸರಿನ ಪಕ್ಕ ಹಾಕಿದ್ದೇನೆ. ಕವಿತೆಗಳನ್ನು ಈ ಮೇಲ್ ಜೊತೆ ಕಳಿಸಿದ್ದೇನೆ, ತಡವಾಯಿತು. ಅವಕ್ಕೇ ಬೇರೆ ಜಾಗ ಮಾಡಿಕೊಡಲೇ? ಈ ಸಲ ಕೇಳಿ ಮಾಡುತ್ತೇನೆ.

ಚಂದ್ರು ಹೊರಡುವಾಗ ಹೊಸ ಪಾಸ್‌ವರ್ಡ್ ಹೇಳಲು ಹೋದೆ. ನಿಮಗೆ ಹೇಳುವ ಮೊದಲು ಅವನಿಗೆ ಹೇಳಬೇಕೆಂದಿದ್ದೆ. ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಕೈ ಅಡ್ಡ ಹಿಡಿದ.

‘ಬೇಡ ವದಿನಾ. ಗೊತ್ತಿಲ್ದೋನನ್ನ ಯಾರೂ ಕೇಳಲ್ಲ.’

ನಾನು ಮತ್ತೆ ಒತ್ತಾಯ ಮಾಡಲಿಲ್ಲ. ಬಸ್ಸು ಬರುವ ತನಕ ಅವನ ಜೊತೆ ನಿಂತಿದ್ದೆ.

ಮೇಘನ